ಮೆದುಳಿನ ಸಣ್ಣ ರಕ್ತನಾಳಗಳ ಕಾಯಿಲೆ: ಎಂಆರ್‌ಐ ವರದಿಯ ಆ ಸಾಲನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ: ನಾವು ಶಿರಸಿ ಸಮೀಪದ ಹಳ್ಳಿಯವರು. ನನ್ನ ತಂದೆಗೆ 69 ವರ್ಷ. ಬಹಳ ವರ್ಷಗಳಿಂದ ಬಿಪಿ ಇದೆ, ಆದರೆ ಗುಳಿಗೆಯನ್ನು ಆಗಾಗ ಬಿಡುತ್ತಿದ್ದರು. ಈಚೆಗೆ ಎರಡು ವರ್ಷಗಳಿಂದ ನಡಿಗೆ ನಿಧಾನವಾಗಿದೆ, ಹೆಜ್ಜೆ ಚಿಕ್ಕದಾಗಿದೆ. ಸೊಸೈಟಿಯ ಅಡಿಕೆ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಈಗ ಪಾಸ್‌ಬುಕ್ ಹಿಡಿದು ಸುಮ್ಮನೆ ಕೂರುತ್ತಾರೆ. ತಾವಾಗಿ ಯಾವ ಕೆಲಸವನ್ನೂ ಶುರು ಮಾಡುವುದಿಲ್ಲ. ರಾತ್ರಿ ಮೂತ್ರದ ಅವಸರ ಹೆಚ್ಚು. ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದೆವು. ‘ಸಣ್ಣ ರಕ್ತನಾಳಗಳ ದೀರ್ಘಕಾಲದ ಬದಲಾವಣೆ, ಫಝೇಕಸ್ ದರ್ಜೆ 2, ಎಡಭಾಗದ ಆಳದಲ್ಲಿ ಒಂದು ಹಳೆಯ ಲ್ಯಾಕ್ಯೂನ್, ಆಳದಲ್ಲಿ ಕೆಲವು ಸೂಕ್ಷ್ಮ ರಕ್ತಸ್ರಾವದ ಗುರುತುಗಳು’ ಎಂದು ವರದಿ ಬಂದಿದೆ. ಒಬ್ಬ ವೈದ್ಯರು ‘ವಯಸ್ಸಿನದು’ ಎಂದರು. ನೆಂಟರೊಬ್ಬರು ಆಲ್‌ಝೈಮರ್ ಎನ್ನುತ್ತಾರೆ, ಇನ್ನೊಬ್ಬರು ಕೂಡಲೇ ರಕ್ತ ತೆಳುವಾಗುವ ಗುಳಿಗೆ ಕೊಡಿಸಿ ಎನ್ನುತ್ತಾರೆ. ಇದು ನಿಜವಾಗಿ ಏನು? ಮುಂದೆ ಲಕ್ವ ಹೊಡೆಯುತ್ತದೆಯೇ? ನಾವೇನು ಮಾಡಬೇಕು? ಇದು ನನಗೂ ಬರಬಹುದೇ?

ಉತ್ತರ: ವರದಿಯಲ್ಲಿ ಬರೆದಿರುವುದು ಒಂದು ನಿಜವಾದ ಕಾಯಿಲೆ. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಬದಿಗಿಡುವುದೂ ಸರಿಯಲ್ಲ, ಇನ್ನೇನೂ ಮಾಡಲಾಗದು ಎಂದು ಕೈಚೆಲ್ಲುವುದೂ ಸರಿಯಲ್ಲ. ನಿಮ್ಮ ತಂದೆಯವರ ನಡಿಗೆ, ಲೆಕ್ಕದ ತೊಡಕು, ಮೌನ, ಮೂತ್ರದ ಅವಸರ ಇವು ನಾಲ್ಕು ಬೇರೆ ಬೇರೆ ತೊಂದರೆಗಳಂತೆ ಕಂಡರೂ ನಾಲ್ಕಕ್ಕೂ ಒಂದೇ ಮೂಲವಿರುವ ಸಾಧ್ಯತೆ ಹೆಚ್ಚು. ಆ ಮೂಲದ ಮೇಲೆ ನಮಗಿರುವ ಅತ್ಯಂತ ದೊಡ್ಡ ಹಿಡಿತ ರಕ್ತದೊತ್ತಡವೇ ಆಗಿದೆ. ಉಳಿದ ಮಾತುಗಳನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ಕಾಯಿಲೆ ಮೆದುಳಿನ ಯಾವ ಜಾಗವನ್ನು ಹಿಡಿದಿದೆ ಎಂಬುದು ತಿಳಿದರೆ ತಂದೆಯವರ ವರ್ತನೆಯೂ ಅರ್ಥವಾಗುತ್ತದೆ, ಯಾವ ಔಷಧ ಬೇಕು ಯಾವುದು ಬೇಡ ಎಂಬುದೂ ಅರ್ಥವಾಗುತ್ತದೆ.

ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು 2% ಮಾತ್ರ. ಆದರೂ ನಾವು ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20% ಅದಕ್ಕೇ ಬೇಕು, ಮತ್ತು ಅದನ್ನು ಕೂಡಿಟ್ಟುಕೊಳ್ಳುವ ವ್ಯವಸ್ಥೆ ಮೆದುಳಿಗೆ ಇಲ್ಲವಾದ್ದರಿಂದ ರಕ್ತ ಕ್ಷಣವೂ ನಿಲ್ಲದೆ ಬರುತ್ತಿರಬೇಕು. ಕುತ್ತಿಗೆಯ ಮೂಲಕ ಮೇಲೇರುವ ದೊಡ್ಡ ನಾಳಗಳು ಮೆದುಳಿನ ತಳದಲ್ಲಿ ಕವಲೊಡೆಯುತ್ತವೆ. ಆ ಕವಲುಗಳಿಂದ ಬಹುಪಾಲು ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ನಾಳಗಳು ಹೊರಟು ನೇರವಾಗಿ ಆಳಕ್ಕೆ ನುಗ್ಗುತ್ತವೆ, ಇನ್ನು ಕೆಲವು ಮೇಲ್ಮೈಯಿಂದ ಒಳಮುಖವಾಗಿ ಇಳಿಯುತ್ತವೆ. ಮೆದುಳಿನ ಹೊರಪದರಕ್ಕೆ ಅಕ್ಕಪಕ್ಕದ ನಾಳಗಳಿಂದಲೂ ಅಷ್ಟಿಷ್ಟು ರಕ್ತ ಸಿಗುತ್ತದೆ. ಆಳದ ಭಾಗಕ್ಕೆ ಆ ಅನುಕೂಲ ಬಹಳ ಕಡಿಮೆ. ನಿಮ್ಮ ತೋಟದಲ್ಲಿ ಒಂದೇ ಕಾಲುವೆಯ ಕಟ್ಟಕಡೆಯಲ್ಲಿರುವ ಅಡಿಕೆ ಮರಗಳನ್ನು ನೆನೆದುಕೊಳ್ಳಿ: ಕಾಲುವೆಯಲ್ಲಿ ಹೂಳು ತುಂಬುತ್ತಾ ಬಂದರೆ ಮೊದಲು ಬಾಡುವುದು ಅವೇ, ಏಕೆಂದರೆ ಅವಕ್ಕೆ ನೀರು ಬರುವ ಬೇರೆ ದಾರಿಯಿಲ್ಲ.

ಮೆದುಳಿನ ಆಳದಲ್ಲಿರುವುದು ಮುಖ್ಯವಾಗಿ ಬಿಳಿ ದ್ರವ್ಯ, ಅಂದರೆ ಮೆದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳ ಕಟ್ಟು. ವರ್ಷಾನುಗಟ್ಟಲೆ ಒತ್ತಡ ಹೆಚ್ಚಿದ್ದರೆ ಅಲ್ಲಿನ ಸಣ್ಣ ನಾಳಗಳ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ, ಗೋಡೆಯೊಳಗಿನ ಸ್ನಾಯುಕೋಶಗಳು ಸತ್ತು ಆ ಜಾಗದಲ್ಲಿ ಗಟ್ಟಿ ನಾರು ತುಂಬಿಕೊಳ್ಳುತ್ತದೆ. ಆರೋಗ್ಯವಂತ ನಾಳ ಮೆದುಳಿನ ಆ ಭಾಗಕ್ಕೆ ಕೆಲಸ ಹೆಚ್ಚಾದೊಡನೆ ಹಿಗ್ಗಿ ಹೆಚ್ಚು ರಕ್ತ ಬಿಡುತ್ತದೆ; ಬಿರುಸಾದ ನಾಳಕ್ಕೆ ಆ ಶಕ್ತಿ ಇರುವುದಿಲ್ಲ. ಇದರ ಜೊತೆಗೆ ನಾಳದ ಒಳಪದರ ಸೋರತೊಡಗಿ ರಕ್ತದ ಅಂಶಗಳು ಮೆದುಳಿನ ಅಂಗಾಂಶಕ್ಕೆ ಒಸರುತ್ತವೆ ಎಂಬುದೂ ಈಚಿನ ದಶಕಗಳ ಅಧ್ಯಯನಗಳಲ್ಲಿ ಸ್ಪಷ್ಟವಾಗುತ್ತಾ ಬಂದಿದೆ. ಆದ್ದರಿಂದ ಇದನ್ನು ‘ರಕ್ತನಾಳ ಕಟ್ಟಿಕೊಂಡಿದೆ’ ಎಂದಷ್ಟೇ ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಕೆಲವು ನಾಳ ಮುಚ್ಚುತ್ತವೆ, ಕೆಲವು ಸೋರುತ್ತವೆ, ಕೆಲವು ಒಡೆಯುತ್ತವೆ, ಇವೆಲ್ಲ ಒಬ್ಬನೇ ಮನುಷ್ಯನ ಮೆದುಳಿನಲ್ಲಿ ಒಟ್ಟೊಟ್ಟಿಗೇ ನಡೆಯಬಹುದು. ರಕ್ತ ತೆಳುವಾಗಿಸುವ ಗುಳಿಗೆಯ ಬಗ್ಗೆ ಅವಸರ ಬೇಡ ಎಂದು ಮುಂದೆ ಹೇಳುವುದಕ್ಕೆ ಕಾರಣ ಇದೇ.

ಈಗ ವರದಿಯನ್ನು ಓದೋಣ. ಬಿಳಿ ದ್ರವ್ಯ ಹಾನಿಗೊಂಡಲ್ಲಿ ನೀರಿನಂಶ ಹೆಚ್ಚಿ ಎಂಆರ್‌ಐ ಚಿತ್ರದಲ್ಲಿ ಹೊಳೆಯುವ ಬಿಳಿ ಕಲೆಗಳು ಕಾಣುತ್ತವೆ. ಅವುಗಳ ವಿಸ್ತಾರವನ್ನು ಅಳೆಯಲು 1987ರಲ್ಲಿ ಫ್ರಾನ್ಜ್ ಫಝೇಕಸ್ ಮತ್ತು ಸಂಗಡಿಗರು ಪ್ರಕಟಿಸಿದ ಸರಳ ಶ್ರೇಣಿಯನ್ನೇ ಇಂದಿಗೂ ಬಳಸುತ್ತಾರೆ: ಏನೂ ಇಲ್ಲದಿದ್ದರೆ 0, ಚುಕ್ಕೆಗಳಂತೆ ಇದ್ದರೆ 1, ಚುಕ್ಕೆಗಳು ಒಂದಕ್ಕೊಂದು ಸೇರತೊಡಗಿದ್ದರೆ 2, ದೊಡ್ಡ ಹಾಳೆಯಾಗಿ ಹರಡಿದ್ದರೆ 3. ಲ್ಯಾಕ್ಯೂನ್ ಎಂದರೆ ಒಂದು ಸಣ್ಣ ನಾಳ ಮುಚ್ಚಿಹೋದಾಗ ಅದು ಪೋಷಿಸುತ್ತಿದ್ದ ಜಾಗ ಸತ್ತು ಉಳಿದ, ನೀರು ತುಂಬಿದ ಪುಟ್ಟ ಕುಳಿ. ಸಾಮಾನ್ಯವಾಗಿ 3ರಿಂದ 15 ಮಿಲಿಮೀಟರ್ ಅಗಲ. ಕೆಲವು ಲ್ಯಾಕ್ಯೂನ್‌ಗಳು ರಕ್ತ ಒಸರಿದ ಜಾಗದಲ್ಲೂ ಉಂಟಾಗುತ್ತವೆ. ಬಾಸ್ಟನ್ನಿನ ನರವೈದ್ಯ ಮಿಲ್ಲರ್ ಫಿಶರ್ 1960ರ ದಶಕದಲ್ಲಿ ಶವಪರೀಕ್ಷೆಯಲ್ಲಿ ಸಿಕ್ಕ ಮೆದುಳುಗಳಲ್ಲಿ ಈ ಕುಳಿಗಳನ್ನು ತಾಳ್ಮೆಯಿಂದ ಪರೀಕ್ಷಿಸಿ, ಅವುಗಳಿಗೂ ಅಧಿಕ ರಕ್ತದೊತ್ತಡಕ್ಕೂ ಇರುವ ನಂಟನ್ನು ತೋರಿಸಿಕೊಟ್ಟರು. ಇಂದು ಬದುಕಿರುವವರ ಮೆದುಳಿನಲ್ಲೇ ಅವು ನಮಗೆ ಕಾಣುತ್ತವೆ ಎಂಬುದು ದೊಡ್ಡ ಅನುಕೂಲ. ಸೂಕ್ಷ್ಮ ರಕ್ತಸ್ರಾವದ ಗುರುತುಗಳೆಂದರೆ ಹಿಂದೆ ಎಂದೋ ಒಸರಿದ ಹನಿ ರಕ್ತದ ಕಬ್ಬಿಣಾಂಶ ಬಿಟ್ಟುಹೋದ ಕಪ್ಪು ಚುಕ್ಕೆಗಳು. ಅವು ಎಲ್ಲಿವೆ ಎಂಬುದು ಮುಖ್ಯ: ಆಳದಲ್ಲಿದ್ದರೆ ಬಿಪಿಯತ್ತ ಬೆರಳು ಮಾಡುತ್ತವೆ; ಹೊರಪದರದ ಬಳಿಯಲ್ಲಷ್ಟೇ ಇದ್ದರೆ ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಳ್ಳುವ, ಸ್ವಭಾವದಲ್ಲಿ ಬೇರೆಯೇ ಆದ ಕಾಯಿಲೆಯನ್ನು ಶಂಕಿಸಬೇಕಾಗುತ್ತದೆ. ನಿಮ್ಮ ತಂದೆಯವರ ಗುರುತುಗಳು ಆಳದಲ್ಲಿರುವುದರಿಂದ, ಅವರ ಬಿಪಿಯ ಇತಿಹಾಸವನ್ನೂ ಜೊತೆಗಿಟ್ಟು ನೋಡಿದಾಗ, ಇದು ಒತ್ತಡದಿಂದ ಬಂದ ಕಾಯಿಲೆ ಎಂದು ಭಾವಿಸುವುದು ನ್ಯಾಯ.

ವಯಸ್ಸಿನದು ಎಂದ ವೈದ್ಯರ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ 60ರಿಂದ 90 ವರ್ಷದೊಳಗಿನ ಸಾಮಾನ್ಯ ಜನರ ಮೆದುಳನ್ನು ಚಿತ್ರಿಸಿ ನೋಡಿದ ಪ್ರಸಿದ್ಧ ಅಧ್ಯಯನದಲ್ಲಿ ಒಂದೂ ಬಿಳಿ ಕಲೆ ಇಲ್ಲದವರು ಸುಮಾರು 5% ಮಾತ್ರ ಇದ್ದರು. ದರ್ಜೆ 1ರ ಕೆಲವು ಚುಕ್ಕೆಗಳಿರುವ, ಬೇರೆ ಯಾವ ತೊಂದರೆಯೂ ಇಲ್ಲದ 70 ವರ್ಷದವರಿಗೆ ನಾನೂ ಹೆದರಬೇಡಿ ಎಂದೇ ಹೇಳುತ್ತೇನೆ. ಆದರೆ ಕಲೆಗಳು ಸೇರತೊಡಗಿವೆ, ಲ್ಯಾಕ್ಯೂನ್ ಇದೆ, ರಕ್ತ ಒಸರಿದ ಗುರುತಿದೆ, ನಡಿಗೆ ಬದಲಾಗಿದೆ ಎಂದಾಗ ಅದೇ ಮಾತು ಸಲ್ಲದು. ಚಿತ್ರ ಮತ್ತು ಮನುಷ್ಯ ಎರಡನ್ನೂ ಒಟ್ಟಿಗೆ ನೋಡಬೇಕು. ಚಿತ್ರದಲ್ಲಿ ದರ್ಜೆ 3 ಇದ್ದೂ ತೋಟದ ಕೆಲಸ ಚೆನ್ನಾಗಿ ಮಾಡಿಕೊಂಡಿರುವವರೂ ಇದ್ದಾರೆ.

ಇನ್ನು ನೀವು ಬರೆದ ಲಕ್ಷಣಗಳು. ಈ ಕಾಯಿಲೆಯಲ್ಲಿ ಬಹಳ ಕುಟುಂಬಗಳಿಗೆ ತಪ್ಪು ತಿಳಿವಳಿಕೆ ಉಂಟಾಗುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಮೆದುಳಿನ ಮುಂಭಾಗ ಯೋಜನೆ ಹಾಕುತ್ತದೆ, ಕೆಲಸ ಆರಂಭಿಸುತ್ತದೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುತ್ತದೆ. ಆ ಮುಂಭಾಗವನ್ನು ಆಳದ ಕೇಂದ್ರಗಳಿಗೆ ಜೋಡಿಸುವ ತಂತುಗಳೇ ಈ ಕಾಯಿಲೆಯಲ್ಲಿ ಹೆಚ್ಚಾಗಿ ಹಾಳಾಗುವುದು. ಹಾಗಾಗಿ ನೆನಪಿಗಿಂತ ಮೊದಲು ವೇಗ ಹೋಗುತ್ತದೆ, ಬುದ್ಧಿಗಿಂತ ಮೊದಲು ಉಮೇದು ಹೋಗುತ್ತದೆ. ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ, ಆದರೆ ತಡವಾಗಿ ಬರುತ್ತದೆ. ಕಾಯದೆ ನಾವೇ ಉತ್ತರ ಹೇಳಿಬಿಟ್ಟರೆ ಅವರಿಗೆ ಗೊತ್ತಿಲ್ಲ ಎಂದು ನಮಗೆ ನಾವೇ ಸಾಬೀತು ಮಾಡಿಕೊಂಡಂತೆ. ಸೊಸೈಟಿಯ ಲೆಕ್ಕವೆಂದರೆ ಕ್ವಿಂಟಲ್, ದರ, ಮುಂಗಡ, ಕಡಿತ ಇವನ್ನೆಲ್ಲ ಏಕಕಾಲದಲ್ಲಿ ಮನಸ್ಸಿನಲ್ಲಿ ಹಿಡಿದು ಕೂಡಿಕಳೆಯುವ ಕೆಲಸ. ಕೂಡುವುದು ಕಳೆಯುವುದು ಮರೆತಿಲ್ಲದವರಿಗೂ ಎಲ್ಲವನ್ನೂ ಒಟ್ಟಿಗೆ ಹಿಡಿಯುವುದು ಕಷ್ಟವಾಗುತ್ತದೆ. ಹಾಗೆಯೇ ತಾವಾಗಿ ಏನನ್ನೂ ಶುರು ಮಾಡದಿರುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಮನೆಯವರು ಅದನ್ನು ಸೋಮಾರಿತನ, ಹಟ, ಅಥವಾ ಮನೆಯ ಮೇಲಿನ ಬೇಸರ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಕೆಲಸ ಮಾಡುವ ಶಕ್ತಿ ಇರುತ್ತದೆ, ಆರಂಭಿಸುವ ತಳ್ಳು ಇರುವುದಿಲ್ಲ. ‘ತೋಟಕ್ಕೆ ಹೋಗಿ ಬನ್ನಿ’ ಎಂದು ಹೇಳಿ ಬಿಡುವುದಕ್ಕಿಂತ, ದಿನವೂ ಒಂದೇ ಹೊತ್ತಿಗೆ ಜೊತೆಯಲ್ಲಿ ಎದ್ದು ನಾಲ್ಕು ಹೆಜ್ಜೆ ಹೋದರೆ ಅವರು ಮುಂದೆ ನಡೆಯುತ್ತಾರೆ ಎಂಬುದನ್ನು ನೀವೇ ಗಮನಿಸಬಹುದು.

ನಡಿಗೆಯ ಬದಲಾವಣೆಯೂ ಅಲ್ಲಿಂದಲೇ. ಕಾಲಿನ ಸ್ನಾಯುಗಳಿಗೆ ಬಲವಿದ್ದರೂ ಹೆಜ್ಜೆ ಚಿಕ್ಕದಾಗುತ್ತದೆ, ಪಾದ ನೆಲಕ್ಕೆ ಅಂಟಿದಂತೆ ಎಳೆಯುತ್ತದೆ, ತಿರುಗುವಾಗ ತಡವರಿಸುತ್ತದೆ. ಕೈ ಬೀಸುವುದು ಮಾತ್ರ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಇದರಿಂದ ಪಾರ್ಕಿನ್‌ಸನ್ ಕಾಯಿಲೆಯಿಂದ ಬೇರ್ಪಡಿಸಲು ವೈದ್ಯರಿಗೆ ಸಹಾಯವಾಗುತ್ತದೆ. ಮೂತ್ರಕೋಶಕ್ಕೆ ‘ಸ್ವಲ್ಪ ತಾಳು’ ಎಂಬ ಸಂದೇಶ ಮುಂಭಾಗದಿಂದ ಹೋಗಬೇಕು, ಆ ಸಂದೇಶ ದುರ್ಬಲವಾದಾಗ ಅವಸರ ಹೆಚ್ಚುತ್ತದೆ. ಈ ವಯಸ್ಸಿನ ಗಂಡಸರಲ್ಲಿ ಪ್ರೊಸ್ಟೇಟ್ ಗ್ರಂಥಿಯ ತೊಂದರೆಯೂ ಇರಬಹುದಾದ್ದರಿಂದ ಅದನ್ನೂ ಒಮ್ಮೆ ಪರೀಕ್ಷಿಸಬೇಕು. ಕೆಲವರಲ್ಲಿ ಸಣ್ಣ ಮಾತಿಗೂ ಅಳು ಉಕ್ಕುವುದು, ಸಿಟ್ಟು ಬರುವುದು, ನಿಜವಾದ ಖಿನ್ನತೆ ಕಾಣಿಸಿಕೊಳ್ಳುವುದು ಉಂಟು. ಖಿನ್ನತೆಗೆ ಔಷಧ ಇದೆ, ಆದ್ದರಿಂದ ಅದನ್ನು ಕೇಳಿ ತಿಳಿಯದೆ ಬಿಡಬಾರದು.

ಆಲ್‌ಝೈಮರ್ ಎಂಬ ನಿಮ್ಮ ನೆಂಟರ ಅನುಮಾನಕ್ಕೆ ಬರೋಣ. ಆಲ್‌ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ಸಂಗತಿ ಮೆದುಳಿನಲ್ಲಿ ದಾಖಲಾಗುವುದೇ ಇಲ್ಲ: ನಿನ್ನೆ ಮದುವೆಮನೆಗೆ ಹೋಗಿದ್ದನ್ನು ಎಷ್ಟು ಸುಳಿವು ಕೊಟ್ಟರೂ ನೆನಪಿಸಿಕೊಳ್ಳಲಾರರು. ಸಣ್ಣ ನಾಳಗಳ ಕಾಯಿಲೆಯಲ್ಲಿ ದಾಖಲಾಗಿರುತ್ತದೆ, ಹೊರತೆಗೆಯುವುದು ತಡ. ‘ಊಟಕ್ಕೆ ಏನು ಮಾಡಿದ್ದರು’ ಎಂದು ಸುಳಿವು ಕೊಟ್ಟರೆ ನೆನಪು ಬರುತ್ತದೆ. ಈ ವ್ಯತ್ಯಾಸ ದಾರಿ ತೋರುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ, ಏಕೆಂದರೆ 70 ದಾಟಿದವರಲ್ಲಿ ಎರಡೂ ಕಾಯಿಲೆಗಳು ಒಟ್ಟಿಗಿರುವುದು ಬಹಳ ಸಾಮಾನ್ಯ. ನೀವು ವಿವರಿಸಿದ ಚಿತ್ರ ಮಾತ್ರ ಮೊದಲನೆಯದಕ್ಕಿಂತ ಎರಡನೆಯದಕ್ಕೆ ಹೆಚ್ಚು ಹೊಂದುತ್ತದೆ.

ಆದರೂ ಎಲ್ಲವನ್ನೂ ಎಂಆರ್‌ಐ ವರದಿಯ ತಲೆಗೆ ಕಟ್ಟುವ ಮೊದಲು, ಇದೇ ರೂಪದಲ್ಲಿ ಬರುವ ಮತ್ತು ಗುಣಪಡಿಸಬಹುದಾದ ತೊಂದರೆಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಿಟಮಿನ್ ಬಿ12 ಕೊರತೆ ನಡಿಗೆಯನ್ನೂ ನೆನಪನ್ನೂ ಕೆಡಿಸುತ್ತದೆ. ಮೀನು, ಮಾಂಸ, ಮೊಟ್ಟೆ ತಿನ್ನದ, ಹಾಲು ಮೊಸರನ್ನೂ ಕಡಿಮೆ ಮಾಡಿದ ಹಿರಿಯರಲ್ಲಿ, ಸಕ್ಕರೆ ಕಾಯಿಲೆಗೆ ಬಹಳ ಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಅದನ್ನು ಹುಡುಕಲೇಬೇಕು. ಥೈರಾಯ್ಡ್ ಪರೀಕ್ಷೆ ಸುಲಭ. ನಿಧಾನ ನಡಿಗೆ, ಮೂತ್ರದ ಅವಸರ, ಬುದ್ಧಿ ಮಂಕಾಗುವುದು ಈ ಮೂರೂ ಒಟ್ಟಿಗೆ ಬರುವ ಇನ್ನೊಂದು ಕಾಯಿಲೆಯಲ್ಲಿ ಮೆದುಳಿನ ಒಳಗಿನ ದ್ರವದ ಕೋಣೆಗಳು ಹಿಗ್ಗಿರುತ್ತವೆ. ಅದಕ್ಕೆ ಶಸ್ತ್ರಚಿಕಿತ್ಸೆಯಿಂದ ಕೆಲವರಿಗೆ ಒಳ್ಳೆಯ ಪ್ರಯೋಜನ ಸಿಗುತ್ತದೆ. ಚಿತ್ರದಲ್ಲಿ ಆ ಕೋಣೆಗಳ ಗಾತ್ರ ಹೇಗಿದೆ ಎಂದು ನರವೈದ್ಯರನ್ನು ಕೇಳಿ. ನಿದ್ದೆಯ ಗುಳಿಗೆ, ಕೆಲವು ಅಲರ್ಜಿ ಗುಳಿಗೆಗಳು, ಕಿವಿ ಕೇಳದಿರುವುದು, ಗೊರಕೆಯ ನಡುವೆ ಉಸಿರು ನಿಲ್ಲುವುದು ಇವೂ ಮನುಷ್ಯನನ್ನು ಮಂಕಾಗಿಸುತ್ತವೆ.

ಇನ್ನು ಚಿಕಿತ್ಸೆ. ಬಿಪಿಯ ವಿಷಯದಲ್ಲಿ ನಮ್ಮ ಬಳಿ ಇರುವ ಸಾಕ್ಷ್ಯ ಈ ಕಾಯಿಲೆಯ ಬೇರೆ ಯಾವ ಚಿಕಿತ್ಸೆಗೂ ಇಲ್ಲ. ಅಮೆರಿಕದಲ್ಲಿ 50 ದಾಟಿದ 9361 ಬಿಪಿ ರೋಗಿಗಳ ಮೇಲೆ ನಡೆದ ಸ್ಪ್ರಿಂಟ್ ಪ್ರಯೋಗದಲ್ಲಿ ಮೇಲಿನ ಅಂಕಿಯನ್ನು 140ರ ಕೆಳಗೆ ಇಡುವ ಗುಂಪನ್ನು 120ರ ಕೆಳಗೆ ಇಡುವ ಗುಂಪಿನೊಡನೆ ಹೋಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಡಿಮೆ ಒತ್ತಡದ ಗುಂಪಿನಲ್ಲಿ ಸೌಮ್ಯ ಪ್ರಮಾಣದ ಬೌದ್ಧಿಕ ಕುಸಿತ ಸುಮಾರು 19% ಕಡಿಮೆಯಾಯಿತು, ಬಿಳಿ ಕಲೆಗಳು ಬೆಳೆದದ್ದೂ ಕಡಿಮೆ. ಪೂರ್ಣ ಪ್ರಮಾಣದ ಡಿಮೆನ್ಶಿಯಾದಲ್ಲಿ, ಅಂದರೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಬೌದ್ಧಿಕ ಕುಸಿತದಲ್ಲಿ, ಕಂಡ ಇಳಿಕೆ ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಆ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯವರೂ ಲಕ್ವ ಆದವರೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಲ್ಯಾಕ್ಯೂನ್ ರೀತಿಯ ಲಕ್ವ ಆದ 3020 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಮೇಲಿನ ಅಂಕಿಯನ್ನು 130ರ ಕೆಳಗಿಟ್ಟವರಿಗೆ ಮೆದುಳಿನ ರಕ್ತಸ್ರಾವ 60%ಕ್ಕಿಂತ ಹೆಚ್ಚು ಕಡಿಮೆಯಾಯಿತು. ಇವನ್ನೆಲ್ಲ ಒಟ್ಟಿಗಿಟ್ಟು ನಿಮ್ಮ ತಂದೆಯಂಥವರಲ್ಲಿ, ತಲೆಸುತ್ತು ಬಾರದಂತೆ ನೋಡಿಕೊಂಡು, 130/80ರ ಕೆಳಗೆ ಇಡಲು ಪ್ರಯತ್ನಿಸುವುದು ರೂಢಿ. ಒಂದೇ ವಾರದಲ್ಲಿ ಅಲ್ಲಿಗೆ ತಳ್ಳಬಾರದು. ಬಿರುಸಾದ ನಾಳಗಳು ಒತ್ತಡ ಹಠಾತ್ತನೆ ಇಳಿದರೆ ಹೊಂದಿಕೊಳ್ಳಲಾರವು. ವಾರಗಳು, ತಿಂಗಳುಗಳಲ್ಲಿ ಮೆಲ್ಲಗೆ ಇಳಿಸಬೇಕು.

ಗುಳಿಗೆಯನ್ನು ಆಗಾಗ ಬಿಡುತ್ತಿದ್ದರು ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವೆನಿಸಿದ ವಾಕ್ಯ ಅದು. ಬಿಪಿ ಹೆಚ್ಚಿದ್ದಾಗ ಸಾಮಾನ್ಯವಾಗಿ ಏನೂ ಅನ್ನಿಸುವುದಿಲ್ಲವಾದ್ದರಿಂದ ಗುಳಿಗೆ ಬಿಟ್ಟವರಿಗೆ ಬಿಟ್ಟದ್ದರ ನಷ್ಟ ತಿಳಿಯುವುದೇ ಇಲ್ಲ. ಈಗ ಅವರ ಮೆದುಳಿಗೆ ಯೋಜನೆ ಹಾಕುವುದು ಕಷ್ಟವಾಗಿರುವುದರಿಂದ ಗುಳಿಗೆಯ ಜವಾಬ್ದಾರಿಯನ್ನು ಮನೆಯವರಲ್ಲಿ ಒಬ್ಬರು ಹೊತ್ತುಕೊಳ್ಳಬೇಕು. ವಾರದ ದಿನಗಳ ಖಾನೆಗಳಿರುವ ಡಬ್ಬಿ ಔಷಧದಂಗಡಿಯಲ್ಲಿ ಸಿಗುತ್ತದೆ. ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರವೊಂದನ್ನು ಕೊಳ್ಳಿ, ಮಣಿಕಟ್ಟಿನದು ಬೇಡ. ಬೆಳಗ್ಗೆ ಗುಳಿಗೆ ಮತ್ತು ಚಹಾಕ್ಕೆ ಮುಂಚೆ, ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ 5 ನಿಮಿಷ ಮಾತಿಲ್ಲದೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಿರಿ, ಸಂಜೆಯೂ ಹಾಗೆಯೇ. ವೈದ್ಯರ ಭೇಟಿಗೆ ಮುಂಚಿನ ಒಂದು ವಾರ ಹೀಗೆ ಅಳೆದು ಬರೆದಿಟ್ಟ ಹಾಳೆ, ಭೇಟಿಯ ದಿನ ಆಸ್ಪತ್ರೆಯ ಗದ್ದಲದಲ್ಲಿ ಸಿಗುವ ಒಂದು ಅಂಕಿಗಿಂತ ಬಹಳ ಬೆಲೆಯುಳ್ಳದ್ದು. ಎದ್ದು ನಿಂತ ಮೇಲೆ 1 ನಿಮಿಷಕ್ಕೂ 3 ನಿಮಿಷಕ್ಕೂ ಒಮ್ಮೆ ಅಳೆದು ನೋಡಿ. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಕುಸಿದರೆ ಬೀಳುವ ಅಪಾಯವಿದೆ, ಔಷಧದ ಪ್ರಮಾಣವನ್ನೋ ಹೊತ್ತನ್ನೋ ಬದಲಿಸಬೇಕಾಗಬಹುದು.

ಬಿಪಿ ಗುಳಿಗೆ ಕೊಟ್ಟರೂ ಒತ್ತಡ ಇಳಿಯದಿದ್ದರೆ ಮನೆಯೊಳಗಿನ ಕಾರಣಗಳನ್ನು ಹುಡುಕಬೇಕು. ಮಂಡಿನೋವಿಗೆ ದಿನವೂ ನುಂಗುವ ನೋವಿನ ಗುಳಿಗೆಗಳಲ್ಲಿ ಬಹಳಷ್ಟು ಒತ್ತಡ ಏರಿಸುತ್ತವೆ. ಕೆಮ್ಮಿನ ಕಷಾಯಕ್ಕೆ ಹಾಕುವ ಜ್ಯೇಷ್ಠಮಧುವನ್ನು ಹೆಚ್ಚಾಗಿ, ಬಹಳ ದಿನ ಬಳಸಿದರೂ ಏರುತ್ತದೆ; ಗಿಡಮೂಲಿಕೆ ಎಂದಮಾತ್ರಕ್ಕೆ ನಿರುಪದ್ರವಿ ಎಂದುಕೊಳ್ಳಬಾರದು. ಎಲೆಅಡಿಕೆಯ ಜೊತೆ ತಂಬಾಕು ಹಾಕುವ ರೂಢಿ ಇದ್ದರೆ ಬಿಡಿಸಲೇಬೇಕು. ಉಪ್ಪಿನ ಮಾತು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಷ್ಟದ ಮಾತು. ಗೋಕರ್ಣದ ಬಳಿ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ಜಿಲ್ಲೆ ಇದು. ಘಟ್ಟದ ಮೇಲೆ ಅಪ್ಪೆಮಿಡಿ, ಹಪ್ಪಳ, ಉಪ್ಪುಸೊಳೆ, ಬಾಳಕ, ಕರಾವಳಿಯಲ್ಲಿ ಒಣಮೀನು, ಗಂಜಿಗೆ ನಂಜಿಕೊಳ್ಳುವ ಉಪ್ಪಿನಕಾಯಿ, ಹೀಗೆ ಮಳೆಗಾಲದ ಊಟವೆಲ್ಲ ಉಪ್ಪಿನ ಆಸರೆಯಲ್ಲೇ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚ, ಅದೂ ಎಲ್ಲ ಅಡುಗೆ ಸೇರಿ. ಉಪ್ಪಿನಕಾಯಿಯನ್ನು ಒಮ್ಮೆಗೇ ನಿಲ್ಲಿಸಿ ಜಗಳವಾಡುವುದಕ್ಕಿಂತ, ದಿನಕ್ಕೆ ಒಂದು ಹೊತ್ತು ಮಾತ್ರ, ಮಿಡಿಯ ರಸವಿಲ್ಲದೆ ಎಂದು ಒಪ್ಪಿಸುವುದು ಹೆಚ್ಚು ಕಾಲ ಉಳಿಯುತ್ತದೆ. ಮಜ್ಜಿಗೆಗೂ ಅನ್ನಕ್ಕೂ ಮೇಲಿನಿಂದ ಹಾಕುವ ಉಪ್ಪನ್ನು ತೆಗೆಯಿರಿ, ತಂಬುಳಿಗೆ ಹುಳಿ ಮತ್ತು ಜೀರಿಗೆ ಹೆಚ್ಚಿಸಿ. ಪೊಟ್ಯಾಸಿಯಂ ಬೆರೆತ ಕಡಿಮೆ ಸೋಡಿಯಂ ಉಪ್ಪನ್ನು ಮೂತ್ರಪಿಂಡದ ಪರೀಕ್ಷೆ ಮಾಡಿಸದೆ ಬಳಸಬೇಡಿ.

ರಕ್ತ ತೆಳುವಾಗುವ ಗುಳಿಗೆ ಎಂದು ನಿಮ್ಮ ನೆಂಟರು ಹೇಳುತ್ತಿರುವುದು ಬಹುಶಃ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್. ಇಲ್ಲಿ ಒಂದು ಪ್ರಶ್ನೆಗೆ ಉತ್ತರ ಬೇಕು: ತಂದೆಯವರಿಗೆ ಎಂದಾದರೂ ಒಂದು ಕೈ ಕಾಲು ಬಲ ಕಳೆದುಕೊಂಡದ್ದು, ಬಾಯಿ ಸೊಟ್ಟಗಾದದ್ದು, ಮಾತು ತೊದಲಿದ್ದು, ಅದು ಕೆಲವೇ ನಿಮಿಷಗಳಾದರೂ ಸರಿ, ಇದೆಯೇ? ಆಗಿದ್ದರೆ ಅದನ್ನು ಲಕ್ವ ಎಂದೇ ಪರಿಗಣಿಸಿ ಸಾಮಾನ್ಯವಾಗಿ ಒಂದು ಗುಳಿಗೆಯನ್ನು ನಿರಂತರವಾಗಿ ಕೊಡುತ್ತಾರೆ, ಜೊತೆಗೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಕೊಡುತ್ತಾರೆ. ಆಳದಲ್ಲಿರುವ ಕೆಲವೇ ಸೂಕ್ಷ್ಮ ರಕ್ತಸ್ರಾವದ ಗುರುತುಗಳು ಅದಕ್ಕೆ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಎಂದೂ ಅಂಥದ್ದು ಆಗಿಲ್ಲ, ಲ್ಯಾಕ್ಯೂನ್ ಚಿತ್ರದಲ್ಲಷ್ಟೇ ಕಂಡಿದೆ, ಹೃದಯದ ಕಾಯಿಲೆಯಂಥ ಬೇರೆ ಕಾರಣವೂ ಇಲ್ಲ ಎಂದಾದರೆ, ಯುರೋಪಿನ ಲಕ್ವ ತಜ್ಞರ ಸಂಘ 2021ರಲ್ಲಿ ಕೊಟ್ಟ ಮಾರ್ಗಸೂಚಿ ಆಸ್ಪಿರಿನ್ ಕೊಡಬೇಡಿ ಎಂಬ ಕಡೆಗೇ ವಾಲುತ್ತದೆ. ನನ್ನ ಅಭಿಪ್ರಾಯವೂ ಅದೇ. ಎರಡೂ ಗುಳಿಗೆಗಳನ್ನು ಜೋಡಿಯಾಗಿ ವರ್ಷಗಟ್ಟಲೆ ಕೊಡುವುದಂತೂ ಅಪಾಯ. ಮೇಲೆ ಹೇಳಿದ 3020 ಜನರ ಪ್ರಯೋಗದಲ್ಲೇ ಹಾಗೆ ಕೊಟ್ಟಾಗ ಮತ್ತೆ ಲಕ್ವ ಆಗುವುದು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ, ರಕ್ತಸ್ರಾವ ಮತ್ತು ಸಾವು ಹೆಚ್ಚಿದವು. ಸಣ್ಣ ಲಕ್ವದ ಬೆನ್ನಲ್ಲೇ ಮೊದಲ ಕೆಲವು ವಾರ ಮಾತ್ರ ಜೋಡಿ ಗುಳಿಗೆ ಕೊಡುವ ಪದ್ಧತಿ ಬೇರೆ. ಆ ವಾರಗಳು ಮುಗಿದ ಮೇಲೂ ಕೆಲವರು ನಿಲ್ಲಿಸುವುದನ್ನು ಮರೆತು ಮುಂದುವರಿಸಿಕೊಂಡು ಹೋಗುತ್ತಾರೆ. ಔಷಧದ ಚೀಟಿಯಲ್ಲಿ ಜೋಡಿ ಇದ್ದರೆ ಎಲ್ಲಿಯವರೆಗೆ ಎಂದು ಕೇಳಿ ಬರೆಸಿಕೊಳ್ಳಿ.

ನೆನಪಿನ ಶಕ್ತಿಗೆ, ನರಗಳ ಬಲಕ್ಕೆ ಎಂದು ಮಾರುವ ದುಬಾರಿ ಗುಳಿಗೆ ಮತ್ತು ಟಾನಿಕ್‌ಗಳು ಈ ಕಾಯಿಲೆಯ ಮುನ್ನಡೆಯನ್ನು ತಡೆಯುತ್ತವೆ ಎಂಬುದಕ್ಕೆ ಆಧಾರವಿಲ್ಲ. ಆ ಹಣದಲ್ಲಿ ಬಿಪಿ ಯಂತ್ರ ಬರುತ್ತದೆ. ಸಿಲೋಸ್ಟಾಝೋಲ್ ಮತ್ತು ಐಸೋಸಾರ್ಬೈಡ್ ಮೊನೋನೈಟ್ರೇಟ್ ಎಂಬ ಎರಡು ಹಳೆಯ ಔಷಧಗಳನ್ನು ಲ್ಯಾಕ್ಯೂನ್ ಲಕ್ವ ಆದವರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ 2023ರಲ್ಲಿ ಆಶಾದಾಯಕ ಸುಳಿವು ಸಿಕ್ಕಿದೆ, ಆದರೆ ಆ ಪ್ರಯೋಗ ಚಿಕ್ಕದು, ಅದರ ಬಲದ ಮೇಲೆ ಎಲ್ಲರಿಗೂ ಕೊಡುವ ಹಂತ ಇನ್ನೂ ಬಂದಿಲ್ಲ.

ಲಕ್ವ ಹೊಡೆಯುತ್ತದೆಯೇ ಎಂಬ ಪ್ರಶ್ನೆಗೆ: ಅಪಾಯ ಸಾಮಾನ್ಯರಿಗಿಂತ ಹೆಚ್ಚು, ಆದರೆ ಖಂಡಿತ ಎಂದಲ್ಲ, ಮತ್ತು ಆ ಅಪಾಯವನ್ನು ಬಿಪಿಯ ಹತೋಟಿ ಇಳಿಸುತ್ತದೆ. ಹೀಗಿದ್ದೂ ಸಿದ್ಧರಾಗಿರಬೇಕು. ಮುಖ ಒಂದು ಕಡೆಗೆ ಜೋತುಬಿದ್ದರೆ, ಒಂದು ಕೈ ಮೇಲೆತ್ತಲಾಗದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡು ಕೂಡಲೇ 108ಕ್ಕೆ ಕರೆ ಮಾಡಿ. ಬಾಯಿಗೆ ನೀರನ್ನಾಗಲಿ ಆಸ್ಪಿರಿನ್ನನ್ನಾಗಲಿ ಹಾಕಬೇಡಿ, ಮನೆಯಲ್ಲಿ ಬಿಪಿ ಇಳಿಸಲು ಗುಳಿಗೆ ಕೊಡಬೇಡಿ; ಅದು ನಾಳ ಮುಚ್ಚಿದ್ದೋ ಒಡೆದದ್ದೋ ಎಂದು ಸಿ.ಟಿ. ಸ್ಕ್ಯಾನ್ ಹೇಳಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಕಾರವಾರದವರು ಗೋವಾದ ಕಡೆಗೂ ಹೊನ್ನಾವರ ಭಟ್ಕಳದವರು ಮಣಿಪಾಲದ ಕಡೆಗೂ ಓಡುವ ಜಿಲ್ಲೆ ನಮ್ಮದು, ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಲೆಕ್ಕವೇ ಬೇರೆ. ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯ ಜನ ಇಷ್ಟು ವರ್ಷ ಕೇಳುತ್ತಿರುವುದರ ನೋವು ಇಂಥ ಹೊತ್ತಿನಲ್ಲೇ ಅರ್ಥವಾಗುವುದು. ಆದ್ದರಿಂದ ಸಿ.ಟಿ. ಸ್ಕ್ಯಾನ್ ಮತ್ತು ಈ ಚುಚ್ಚುಮದ್ದು ಎರಡೂ ದಿನದ 24 ಗಂಟೆ ಸಿಗುವ, ನಿಮಗೆ ಅತಿ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ ಫೋನು ಮಾಡಿ ವಿಚಾರಿಸಿ, ಆ ಸಂಖ್ಯೆಯನ್ನು ಮನೆಯ ಎಲ್ಲರ ಮೊಬೈಲಿನಲ್ಲೂ ಹಾಕಿಸಿ.

ನಡಿಗೆಯೂ ಚಿಕಿತ್ಸೆಯ ಭಾಗವೇ. ವಾರಕ್ಕೆ ಒಟ್ಟು 150 ನಿಮಿಷ, ಸ್ವಲ್ಪ ಉಸಿರು ಏರುವಷ್ಟು ನಡಿಗೆ ಗುರಿಯಾಗಿರಲಿ, ಹತ್ತು ನಿಮಿಷದಿಂದ ಶುರು ಮಾಡಿ. ಆದರೆ ಹಾವಸೆ ಕಟ್ಟಿದ ಅಂಗಳದಲ್ಲಿ, ತೋಟದ ಕಾಲುಸಂಕದ ಮೇಲೆ ಅವರನ್ನು ಒಬ್ಬರೇ ಬಿಡಬೇಡಿ. ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೂ ನಡೆಸಿದರೆ ಸಾಕು. ರಾತ್ರಿ ಮಂಚದಿಂದ ಬಚ್ಚಲಿನವರೆಗೆ ದೀಪ, ಹಿಡಿದುಕೊಳ್ಳಲು ಗೋಡೆಗೆ ಸರಳು, ಸಂಜೆಯ ಮೇಲೆ ಚಹಾ ಕಡಿಮೆ: ಸೊಂಟದ ಮೂಳೆ ಮುರಿಯುವುದನ್ನು ಇಷ್ಟರಿಂದಲೇ ಬಹಳಷ್ಟು ತಡೆಯಬಹುದು. ಬಿದ್ದು ತಲೆಗೆ ಪೆಟ್ಟಾಗಿ, ಕೆಲವು ವಾರಗಳ ನಂತರ ಮಂಕು ಹೆಚ್ಚಿದರೆ ತಲೆಯೊಳಗೆ ರಕ್ತ ಶೇಖರವಾಗಿರಬಹುದು, ಸ್ಕ್ಯಾನ್ ಮಾಡಿಸಬೇಕು. ಸೊಸೈಟಿಯ ವ್ಯವಹಾರದಲ್ಲಿ ಅವರನ್ನು ಪೂರ್ತಿ ಬದಿಗೆ ಸರಿಸಬೇಡಿ. ಒಂದು ಹೊತ್ತಿಗೆ ಒಂದೇ ಲೆಕ್ಕ, ಬರೆದಿಟ್ಟ ಹಾಳೆ, ಬೆಳಗಿನ ಹೊತ್ತು, ಗಡಿಬಿಡಿ ಇಲ್ಲದೆ ಕೇಳಿದರೆ ಅವರ ಅನುಭವದ ತೀರ್ಮಾನ ಇಂದಿಗೂ ನಿಮ್ಮ ಕೆಲಸಕ್ಕೆ ಬರುತ್ತದೆ. ದೊಡ್ಡ ಮೊತ್ತದ ಸಹಿ, ಜಮೀನಿನ ಕಾಗದಗಳನ್ನು ಮಾತ್ರ ಅವರ ಒಪ್ಪಿಗೆಯೊಂದಿಗೆ, ಅವರು ಸ್ಪಷ್ಟವಾಗಿರುವಾಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ನಿಮ್ಮ ವಿಷಯ. ಈ ಕಾಯಿಲೆಯ ವಂಶವಾಹಿ ರೂಪವೊಂದಿದೆ. ನಾಚ್3 ಎಂಬ ಜೀನ್‌ನ ದೋಷದಿಂದ ಬರುವ ಅದರಲ್ಲಿ ಅರೆತಲೆನೋವು, ನಲವತ್ತು ಐವತ್ತರ ವಯಸ್ಸಿನಲ್ಲೇ ಲಕ್ವ, ಕುಟುಂಬದ ಹಲವರಲ್ಲಿ ಅದೇ ಚಿತ್ರ ಕಂಡುಬರುತ್ತದೆ. ಬಿಪಿ ಇಲ್ಲದವರಿಗೂ ಬರುತ್ತದೆ. ನಿಮ್ಮ ತಂದೆಯವರ ಚಿತ್ರ ಹಾಗಿಲ್ಲದ ಕಾರಣ ಆ ಪರೀಕ್ಷೆ ಬೇಕಿಲ್ಲ. ನಿಮಗೆ ವಂಶದಿಂದ ಬರಬಹುದಾದದ್ದು ಬಿಪಿ. ಮೆದುಳಿನ ನಾಳಗಳಿಗೆ ಹೆಚ್ಚು ಪೆಟ್ಟು ಬೀಳುವುದು ನಡುವಯಸ್ಸಿನಲ್ಲಿ ಗಮನಕ್ಕೆ ಬಾರದೆ ಉಳಿದ ಬಿಪಿಯಿಂದಲೇ. 30 ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮತ್ತು ಸಕ್ಕರೆಯನ್ನು ಉಚಿತವಾಗಿ ನೋಡುತ್ತಾರೆ. ನೀವು, ನಿಮ್ಮ ಒಡಹುಟ್ಟಿದವರು ವರ್ಷಕ್ಕೊಮ್ಮೆಯಾದರೂ ಅಳೆಸಿಕೊಳ್ಳಿ. ಲಕ್ಷಣವಿಲ್ಲದೆ ಎಂಆರ್‌ಐ ಮಾಡಿಸುವ ಅಗತ್ಯವಿಲ್ಲ.

ತಂದೆಯವರಿಗೂ ವರ್ಷ ವರ್ಷ ಎಂಆರ್‌ಐ ಬೇಕಿಲ್ಲ, ಹೊಸ ಲಕ್ಷಣ ಬಂದರೆ ಮಾತ್ರ. ಮುಂದಿನ ಭೇಟಿಗೆ ಎಂಆರ್‌ಐ ಚಿತ್ರದ ಸಿ.ಡಿ., ಒಂದು ವಾರದ ಬಿಪಿ ಹಾಳೆ, ನಿಂತಾಗಿನ ಅಂಕಿಗಳು, ಅಂಗಡಿಯಿಂದ ತಂದ ನೋವಿನ ಗುಳಿಗೆ ಮತ್ತು ಕಷಾಯದ ಪುಡಿಗಳೂ ಸೇರಿದಂತೆ ಅವರು ತೆಗೆದುಕೊಳ್ಳುವ ಎಲ್ಲ ಔಷಧಗಳನ್ನು ಒಂದು ಚೀಲದಲ್ಲಿ ಒಯ್ಯಿರಿ. ಬಿ12, ಥೈರಾಯ್ಡ್, ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡದ ರಕ್ತಪರೀಕ್ಷೆ ಮತ್ತು ಹೃದಯದ ಲಯ ತಿಳಿಯಲು ಇಸಿಜಿ ಆಗಿಲ್ಲದಿದ್ದರೆ ಅವನ್ನು ಶಿರಸಿಯಲ್ಲೇ ಮಾಡಿಸಿಕೊಂಡು ಹೋದರೆ ಹುಬ್ಬಳ್ಳಿಯ ಒಂದು ಓಡಾಟ ಉಳಿಯುತ್ತದೆ.